ಬಂಪರಿಗೆ ಕಲಾಯಿ

ನಾನು ಸಿಟ್ಟಿನ ಹೆಂಗಸಲ್ಲ. ಈ ಮಾತು ಓದಿ ನಮ್ಮ ಓಣಿಯವರು ಯಾರಾದರೂ ನಕ್ಕರೆ ನಗಲಿ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯ ಮೇಲೆ ಕೂತು, ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆಣ್ಣು ಮುಟ್ಟುತ್ತಾ, ಶಿವ ನಿನ್ನೆ ನನಗೆ ಮಾಡಿದ ಉಪಕಾರಗಳನ್ನು ಎಣಿಸುವುದು ನನ್ನ ರೂಢಿ. ನಲ್ಲಿಯಲ್ಲಿ ನೀರು ಬಂತು, ಒಂದು ಗೆಣ್ಣು. ಹಾಲು ಒಡೆಯಲಿಲ್ಲ, ಇನ್ನೊಂದು. ಸೀಮೆಎಣ್ಣೆಯ ಸಾಲಿನಲ್ಲಿ ನನ್ನ ಸರದಿ ಬರುವ ತನಕ ಪೀಪಾಯಿ ಬರಿದಾಗಲಿಲ್ಲ, ಅದಕ್ಕೆ ಮಾತ್ರ ಎರಡು ಗೆಣ್ಣು, ಯಾಕೆಂದರೆ ನನ್ನ ಹಿಂದಿದ್ದವಳಿಗೆ ಬರಿದಾಯಿತು. ಹೀಗೆ ಸಣ್ಣಪುಟ್ಟದ್ದನ್ನು ಎಣಿಸಿಕೊಂಡು ಬದುಕುವವಳಿಗೆ ಸಿಟ್ಟು ಎಲ್ಲಿಂದ ಬರಬೇಕು ಹೇಳಿ. ಆದರೆ ನಮ್ಮ ಮನೆಯವರ ಕಾರಿನ ಮುಂದಿನ ಬಂಪರ್ ನೆನಪಾದರೆ ಬೆರಳುಗಳು ತಾವಾಗಿಯೇ ಮುಷ್ಟಿ ಕಟ್ಟುತ್ತವೆ. ಮುಷ್ಟಿ ಕಟ್ಟಿದ ಕೈಯಲ್ಲಿ ಗೆಣ್ಣು ಎಣಿಸಲು ಬರುವುದಿಲ್ಲ.

ಹಳೆಯ ವಸ್ತುಗಳ ಮೇಲೆ ಮೋಹ ನನಗೂ ಇದೆ, ಇಲ್ಲವೆಂದು ಹೇಳುವುದಿಲ್ಲ. ನನಗೆ ಹಳೆಯ ಪಾತ್ರೆಗಳೆಂದರೆ ಜೀವ, ಇವರಿಗೆ ಹಳೆಯ ಕಾರು. ವ್ಯತ್ಯಾಸ ಇಷ್ಟೇ, ನನ್ನ ಹಳೆಯ ಪಾತ್ರೆಯಲ್ಲಿ ಅನ್ನ ಬೇಯುತ್ತದೆ. ನಮ್ಮ ಮನೆಯವರು ಕೊಟ್ಟೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ಬೋರ್ಡಿನ ಮೇಲೆ ಅಡಿಪಟ್ಟಿಯಿಲ್ಲದೆ ನೆಟ್ಟಗೆ ಗೆರೆ ಎಳೆಯುವವರೆಂದು ಹೆಸರು ಪಡೆದವರು. ಇಂಥವರಿಗೆ ಹರಪನಹಳ್ಳಿಯಲ್ಲಿದ್ದ ಇವರ ಸೋದರಮಾವ, ತಾವು ಹೊಸ ಜೀಪು ತೆಗೆದುಕೊಂಡಾಗ, ಹಿತ್ತಲಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಹಳೆಯ ಕಾರನ್ನು ಪ್ರೀತಿಯಿಂದ ಕೊಟ್ಟರು. ಅದರ ಕಂಪನಿಯ ಹೆಸರು ನಾನು ಹೇಳುವುದಿಲ್ಲ, ಹೇಳಬೇಕೆಂದರೂ ಆಗುವುದಿಲ್ಲ. ಡಿಕ್ಕಿಯ ಮೇಲಿದ್ದ ಹೆಸರಿನ ಅಕ್ಷರಗಳು ಉದುರಿ ಎರಡೇ ಉಳಿದಿದ್ದವು, ಆ ಎರಡೂ ಅಕ್ಕಪಕ್ಕದವಲ್ಲ. ಬಾಗಿಲುಗಳ ಉದ್ದಕ್ಕೂ ಒಂದು ಕಾಲಕ್ಕೆ ಹೊಳೆಯುತ್ತಿದ್ದ ತಗಡಿನ ಪಟ್ಟಿಗಳಿದ್ದವು. ಎಡಗಡೆಯ ಪಟ್ಟಿ ಅರ್ಧ ಕಿತ್ತು ಬಂದು, ಕಾರು ಓಡುವಾಗ ಟರ್ ಟರ್ ಎಂದು ಬಾಗಿಲಿಗೆ ಬಡಿದುಕೊಳ್ಳುತ್ತಿತ್ತು. ಅದನ್ನು ಇವರು ಅರಗು ಕಾಯಿಸಿ ಅಂಟಿಸಿದರು. ಬಳ್ಳಾರಿಯ ಬಿಸಿಲಿಗೆ ಅರಗು ಉಳಿಯುತ್ತದೆಯೇ? ಮಧ್ಯಾಹ್ನ ಕರಗಿ ಪಟ್ಟಿ ಬೀಳುವುದು, ಸಂಜೆ ಇವರು ಅಂಟಿಸುವುದು. ಬೇಸಿಗೆ ಪೂರ್ತಿ ಇದೇ ನಡೆಯಿತು.

ಆ ಪಟ್ಟಿಗಳನ್ನು ಉಜ್ಜಲು ಇವರು ಏನು ಬಳಸುತ್ತಿದ್ದರೆಂದು ಗೊತ್ತಾದ ದಿನ ನಾನು ಊಟ ಬಿಟ್ಟೆ. ನನ್ನ ದೇವರ ಜಗುಲಿಯ ಮೇಲಿನ ವಿಭೂತಿ ಗಟ್ಟಿ! ದಿನಾ ನಾನು ಮೂರು ಬೆರಳು ಎಳೆದರೂ ತಿಂಗಳುಗಟ್ಟಲೆ ಬರಬೇಕಾದ ಗಟ್ಟಿ ವಾರದಲ್ಲಿ ಸವೆದು ಬಿಲ್ಲೆಯಾಗಿತ್ತು. ಇಲಿ ತಿನ್ನುತ್ತಿದೆ ಎಂದುಕೊಂಡು ನಾನು ಬೋನು ಕೂಡ ಇಟ್ಟಿದ್ದೆ. ಒಂದು ಭಾನುವಾರ ನೋಡುತ್ತೇನೆ, ಇವರು ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಒದ್ದೆ ಬಟ್ಟೆಗೆ ವಿಭೂತಿ ಹಚ್ಚಿಕೊಂಡು, ಕಣ್ಣು ಅರೆಮುಚ್ಚಿ ಉಜ್ಜುತ್ತಿದ್ದಾರೆ. ಲಿಂಗದ ಮುಂದೆ ಕೂತಾಗಲೂ ಆ ಮುಖದಲ್ಲಿ ಅಂಥ ಏಕಾಗ್ರತೆ ನಾನು ಕಂಡವಳಲ್ಲ. ಅತ್ತೆಯವರ ಮುಂದೆ ದೂರು ಹೇಳಿದೆ. ನಮ್ಮ ಅತ್ತೆಯವರು ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತಲಿಲ್ಲ. "ದೇವರ ಬೂದಿ ಅಲ್ಲೇನವ, ಕಾರಿಗೆ ಹಚ್ಚಿದ್ರ ಚಲೋನ ಆತು ಬಿಡು. ಅದಕ್ಕೂ ಆಯುಷ್ಯ ಬೇಕು," ಎಂದರು. ಅವರ ಮಗನ ವಿಷಯದಲ್ಲಿ ಅವರು ಹೈಕೋರ್ಟು. ಅದರ ಮೇಲೆ ಅಪೀಲಿಲ್ಲ.

ಇಷ್ಟಾದರೂ ನಾನು ಪಟ್ಟಿಗಳನ್ನು ಕ್ಷಮಿಸಿದ್ದೆ. ಕ್ಷಮಿಸಲಾಗದ್ದು ಬಂಪರ್. ಕೂಡ್ಲಿಗಿಯಲ್ಲಿ ಒಮ್ಮೆ ಎತ್ತಿನ ಬಂಡಿಯ ಗಾಲಿಗೆ ತಾಗಿ ಮುಂದಿನ ಬಂಪರಿನ ಬಲತುದಿ ಸೊಟ್ಟಗಾಗಿ ಕೆಳಕ್ಕೆ ಜೋತುಬಿದ್ದಿತ್ತು. ಮೇಲಿನ ಹೊಳಪು ಹಪ್ಪಳ ಎದ್ದ ಹಾಗೆ ಎದ್ದು ಒಳಗಿನ ತುಕ್ಕು ಕಾಣುತ್ತಿತ್ತು. ಕಾರು ನಿಲ್ಲಿಸಲು ನಮಗೆ ಬೇರೆ ಜಾಗವಿರಲಿಲ್ಲ. ಕಿಟಕಿಯಿಂದ ತಮಗೆ ಕಾಣಬೇಕೆಂದು ಇವರು ಅದನ್ನು ಅಂಗಳದಲ್ಲಿ, ಹೊಸ್ತಿಲಿಗೆ ಎದುರಾಗಿ ನಿಲ್ಲಿಸುತ್ತಿದ್ದರು. ನಾನು ದಿನಾ ಬೆಳಿಗ್ಗೆ ಅಂಗಳ ಗುಡಿಸಿ, ಸಗಣಿ ನೀರು ಚಳೆ ಹೊಡೆದು, ರಂಗೋಲಿ ಹಾಕಲು ಬಗ್ಗಿದರೆ ಸಾಕು, ಆ ಸೊಟ್ಟ ತುದಿ ಹಿಂದಿನಿಂದ ಸೀರೆ ಹಿಡಿಯುತ್ತಿತ್ತು. ದುಶ್ಶಾಸನನಾದರೂ ಎಳೆದದ್ದು ಒಂದೇ ದಿನ. ಇದು ದಿನಾ. ಎರಡು ಇಳಕಲ್ಲ ಸೀರೆ ಪರ್ರೆಂದವು.

"ರೀ, ಅದನ್ನ ಒಂದಿಷ್ಟು ಮ್ಯಾಲೆ ಎತ್ತಿಸ್ರಿ," ಎಂದು ಎಷ್ಟು ಸಲ ಹೇಳಿರಬೇಕು.

"ಅದು ಎಲ್ಲಿರಬೇಕೋ ಅಲ್ಲೇ ಐತಿ. ನೀನ ಒಂದಿಷ್ಟು ಆಕಡಿ ಸರದು ರಂಗೋಲಿ ಹಾಕು," ಎನ್ನುತ್ತಿದ್ದರು ಇವರು.

ಹೊಸ್ತಿಲ ಮುಂದಿನ ರಂಗೋಲಿಯನ್ನು ಆಕಡೆ ಸರಿದು ಹಾಕುವುದೆಂದರೆ ಏನು ಸ್ವಾಮಿ? ಲಕ್ಷ್ಮಿ ಪಕ್ಕದ ಮನೆಗೆ ಹೋಗಲಿ ಎಂದೇ?

ಈಗ ಹರಕೆಯ ವಿಷಯಕ್ಕೆ ಬರುತ್ತೇನೆ. ಆ ವರ್ಷ ಬೇಸಿಗೆಗೆ ಮುಂಚೆ ಇವರಿಗೆ ಟೈಫಾಯಿಡ್ ಬಂತು. ಇಪ್ಪತ್ತೊಂದು ದಿನ ಹಾಸಿಗೆ ಹಿಡಿದರು. ಹದಿನೈದನೆಯ ದಿನ ಜ್ವರ ನೆತ್ತಿಗೇರಿ, ಇವರು ನನ್ನ ಗುರುತು ಹಿಡಿಯದೆ "ಕಾರಿನ ಮ್ಯಾಲೆ ಚಾದರ ಹೊದಿಸಿರೇನು?" ಎಂದು ಕೇಳಿದಾಗ ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಹಣೆ ಹಚ್ಚಿ ಅತ್ತೆ. ಇವರು ಎದ್ದು ಕೂತರೆ ಶ್ರಾವಣದ ಎರಡನೆಯ ಸೋಮವಾರ ನಮ್ಮ ಮನೆತನದ ಮಠದಲ್ಲಿ ದಾಸೋಹಕ್ಕೆ ಗೋಧಿ ಹುಗ್ಗಿ ಮಾಡಿಸುತ್ತೇನೆ, ಅದೂ ನನ್ನ ಕೊಪ್ಪರಿಗೆಯಲ್ಲೇ ಮಾಡುತ್ತೇನೆ ಎಂದು ಹರಕೆ ಹೊತ್ತೆ. ಚಿಗಟೇರಿ ದಾಟಿ ಎರಡು ಮೈಲಿ ಒಳಗೆ ಹೋದರೆ ಸಿಗುವ ಸಣ್ಣ ಮಠ ಅದು. ಕೊಪ್ಪರಿಗೆ ನನ್ನ ಅವ್ವ ಮದುವೆಯಲ್ಲಿ ಕೊಟ್ಟದ್ದು. ತಾಮ್ರದ್ದು, ಎರಡು ಕಡೆ ಕಡಗ, ಒಳಗೆ ಕೂಸು ಕೂತರೆ ತಲೆ ಕಾಣಬಾರದು ಅಷ್ಟು ದೊಡ್ಡದು.

"ಮಠದಾಗ ಬೇಕಾದಷ್ಟು ಪಾತ್ರಿ ಅದಾವು. ಅದನ್ಯಾಕ ಹೊತಗೊಂಡು ಹೊಂಟೀ?" ಎಂದು ಅತ್ತೆಯವರು ಒಂದು ಮಾತು ಹೇಳಿದ್ದರು.

"ಹರಕಿ ನಂದು ಅತ್ತಿ, ಪಾತ್ರೀನೂ ನಂದ ಇರಬೇಕು," ಎಂದೆ. ಭಕ್ತಿಯಿಂದಲೇ ಹೇಳಿದೆ. ಅದರ ಜೊತೆಗೆ ನಮ್ಮ ಓಣಿಯಲ್ಲಿ ಅಷ್ಟು ದೊಡ್ಡ ಕೊಪ್ಪರಿಗೆ ಬೇರೆ ಯಾರ ಮನೆಯಲ್ಲೂ ಇಲ್ಲವೆಂಬ ವಿಷಯ ಮಠದವರಿಗೂ ಗೊತ್ತಾಗಲಿ ಎಂಬ ಆಸೆ ಒಂದು ಚಿಟಿಕೆ ಇತ್ತು. ಶಿವನಿಂದ ಮುಚ್ಚಿಡುವುದೇನಿದೆ.

ತಾಮ್ರದ ಪಾತ್ರೆಯಲ್ಲಿ ಅಡುಗೆ ಮಾಡಬೇಕೆಂದರೆ ಒಳಗೆ ಕಲಾಯಿ ಇರಬೇಕು. ಈಗ ಎಲ್ಲರ ಮನೆಗೂ ಸ್ಟೀಲು ಬರುತ್ತಿರುವುದರಿಂದ ಹೇಳುತ್ತಿದ್ದೇನೆ. ಕಲಾಯಿ ಹೋದ ತಾಮ್ರದಲ್ಲಿ ಬೇಯಿಸಿದರೆ ಹಸಿರು ಕಿಲುಬು ಬಿಟ್ಟು ಅಡುಗೆ ಕಹಿಯಾಗುತ್ತದೆ, ಉಂಡವರ ಹೊಟ್ಟೆ ತೊಳಸುತ್ತದೆ. ದಾಸೋಹಕ್ಕೆ ಬಂದವರನ್ನು ವಾಂತಿ ಮಾಡಿಸಿ ನಾನು ಯಾವ ಪುಣ್ಯ ಕಟ್ಟಿಕೊಳ್ಳಲಿ? ಚಿಗಟೇರಿಯಿಂದ ಇಮಾಮ್ ಸಾಬರು ವರ್ಷಕ್ಕೊಮ್ಮೆ, ಶ್ರಾವಣ ಹಿಡಿಯುವ ಹೊತ್ತಿಗೆ, ನಮ್ಮ ಓಣಿಗೆ ಬಂದು ನಮ್ಮ ಮನೆಯ ಬೇವಿನ ಮರದ ಕೆಳಗೆ ಕುಳಿ ತೋಡಿ, ಇದ್ದಿಲು ಸುರಿದು, ತಿದಿ ಹೂಡುತ್ತಿದ್ದರು. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ಬಿಳಿಯ ತವರದ ಕಡ್ಡಿಯನ್ನು ಒಂದು ಸಲ ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಕಪ್ಪು ಪಾತ್ರೆಯೊಳಗೆ ಹುಣ್ಣಿಮೆ ಮೂಡಿದ ಹಾಗೆ. ನಲವತ್ತು ವರ್ಷ ಕಂಡರೂ ಬೇಸರ ಬರದ ನೋಟ ಅದು.

ಆ ದಿನ ಸಾಬರು ಬಂದು ಕುಳಿ ತೋಡಿದರು. ನಾನು ಕೊಪ್ಪರಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಂದು ಮರದ ಕೆಳಗೆ ಇಟ್ಟೆ. "ಸಾಬ್ರೆ, ಇದು ಹರಕಿ ಪಾತ್ರಿ. ಇದನ್ನ ಮೊದಲು ಮಾಡ್ರಿ," ಎಂದೆ. "ಆಗ್ಲಿ ಅಮ್ಮಾರ, ಬಿಸ್ಮಿಲ್ಲಾ ಅದಕ್ಕ," ಎಂದರು ಸಾಬರು. ಅವರಿಗೆ ರೊಟ್ಟಿ ಬಡಿಯಲು ಒಳಗೆ ಹೋದೆ. ಐದೋ ಆರೋ ರೊಟ್ಟಿ ಆಗಿರಬೇಕು. ಕಲಾಯಿಯ ಹೊಗೆಯ ಜೊತೆಗೆ ಬೇರೆಯೇ ಒಂದು ವಾಸನೆ, ಸುಟ್ಟ ಬಣ್ಣದ್ದು, ಗ್ರೀಸಿನದು, ಮೂಗಿಗೆ ಬಡಿಯಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

ನನ್ನ ಕೊಪ್ಪರಿಗೆ ಬೋರಲಾಗಿ ಪಕ್ಕದಲ್ಲಿ ಬಿದ್ದಿತ್ತು. ಬೆಂಕಿಯ ಮೇಲೆ ಮಲಗಿದ್ದದ್ದು ಬಂಪರ್! ಒಂದು ತುದಿಯನ್ನು ಇವರು ಗೋಣಿಚೀಲ ಸುತ್ತಿ ಹಿಡಿದಿದ್ದರು. ಇನ್ನೊಂದು ತುದಿಯನ್ನು ಸಾಬರು ಇಕ್ಕಳದಲ್ಲಿ ಹಿಡಿದು ತವರ ತೀಡುತ್ತಿದ್ದರು. ತಿದಿ ಒತ್ತುತ್ತಿದ್ದವರು ಯಾರು ಗೊತ್ತೇ? ನಮ್ಮ ಅತ್ತೆಯವರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಇದೇನ್ರಿ ಇದು!" ಎಂದೆ.

"ಹುಬ್ಬಳ್ಳಿಗೆ ಕಳಿಸಿದ್ರ ಇದು ಎರಡು ತಿಂಗಳು ವಾಪಸ್ ಬರಂಗಿಲ್ಲ," ಎಂದರು ಇವರು, ಹೊಗೆಗೆ ಕಣ್ಣು ಕಿರಿದು ಮಾಡಿ. "ಸಾಬ್ರ ಕೈಯಾಗ ಒಂದು ತಾಸಿನ ಕೆಲಸ. ಹೊಳಿಯೋದು ಮುಖ್ಯ. ಅಲ್ಲಿ ಕ್ರೋಮಿಯಂ ಹಚ್ಚತಾರ, ಇಲ್ಲಿ ತವರ ಹಚ್ಚತಾರ."

"ನಾ ಹೇಳೀನಿ ಅಮ್ಮಾರ," ಎಂದರು ಸಾಬರು, ನನ್ನ ಮುಖ ನೋಡದೆ. "ಇದು ಕಬ್ಬಿಣ, ತವರ ಕುಡಿತೈತಿ, ಸರಿಯಾಗಿ ಹಿಡಿಯಂಗೂ ಇಲ್ಲ ಅಂತ ಹೇಳೀನಿ. ಮಾಸ್ತರ್ರು ಕೇಳಬೇಕಲ್ಲ."

"ನೀವಾದ್ರೂ ನಿಮ್ಮ ಮಗಗ ಹೇಳಬಾರದೇನ್ರಿ ಅತ್ತಿ?"

"ಹೇಳೀನವ. ತುದಿಗೆ ಚಂದಂಗ ಹಚ್ಚಿಸಪಾ, ಅಲ್ಲೇ ತುಕ್ಕು ಬಾಳ ಐತಿ ಅಂತ ಹೇಳೀನಿ," ಎಂದು ಅತ್ತೆಯವರು ತಿದಿ ಒತ್ತಿದರು. ಭುಸ್ ಎಂದಿತು.

ಐದು ಅಡಿ ಬಂಪರ್ ಮುಗಿಯುವ ಹೊತ್ತಿಗೆ ಸಾಬರ ತವರದ ಕಡ್ಡಿ ನನ್ನ ಕಿರುಬೆರಳಿನ ಉಗುರಿನಷ್ಟು ಉಳಿದಿತ್ತು. ಅದರಿಂದ ನನ್ನ ಕೊಪ್ಪರಿಗೆಗಲ್ಲ, ಒಗ್ಗರಣೆಯ ಸೌಟಿಗೂ ಕಲಾಯಿ ಆಗುತ್ತಿರಲಿಲ್ಲ. ಬಂಪರಾದರೂ ಚಂದವಾಯಿತೇ? ಹಳೆಯ ಹೊಳಪು ಉಳಿದಿದ್ದ ಕಡೆ ತವರ ಹಿಡಿಯಲಿಲ್ಲ, ತುಕ್ಕು ಕೆರೆದ ಕಡೆ ಹಿಡಿಯಿತು. ಸುಣ್ಣ ಬಳಿಯುವವನು ಅರ್ಧಕ್ಕೆ ಊಟಕ್ಕೆ ಎದ್ದು ಹೋದ ಗೋಡೆಯ ಹಾಗಿತ್ತು. ಇವರು ಮಾತ್ರ ಹಿಂದೆ ಹೆಜ್ಜೆಯಿಟ್ಟು, ಕತ್ತು ವಾಲಿಸಿ, ವಿದ್ಯಾರ್ಥಿಯ ಚಿತ್ರಕ್ಕೆ ಮಾರ್ಕ್ಸ್ ಹಾಕುವವರ ಹಾಗೆ ನೋಡಿ, "ಬೆಳ್ಳಿ," ಎಂದರು.

ಆಮೇಲೆ ನಾನು ಏನು ಮಾತಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಯಾರಿಗಾಗಿ ಹರಕೆ, ಯಾರ ಜ್ವರಕ್ಕೆ ಹರಕೆ, ಆ ಜ್ವರದಿಂದ ಎದ್ದವರು ಮಾಡಿದ ಕೆಲಸ ಎಂಥದ್ದು ಎನ್ನುವುದು ಅದರ ಸಾರಾಂಶ. ಸಾರಾಂಶ ಹೇಳಲು ಒಂದು ತಾಸು ಹಿಡಿಯಿತು. ಪಾಪ, ಸಾಬರೇ ನಡುವೆ ಬಂದು, "ಅಮ್ಮಾರ, ಸಿಟ್ಟಾಗಬ್ಯಾಡ್ರಿ. ಹರಪನಹಳ್ಳಿಗೆ ಹೋಗಿ ತವರ ತಂದು ಇಟಗೊಂಡಿರ್ತೀನಿ. ಸೋಮವಾರ ಮಠಕ್ಕ ಹೋಗೂ ದಾರಿ ನಮ್ಮ ಮನಿ ಮುಂದ ಹಾಯ್ತೈತಲ್ಲ? ಪಾತ್ರಿ ತರ್ರಿ. ಅರ್ಧ ತಾಸಿನಾಗ ಮಾಡಿ ಕೊಡ್ತೀನಿ," ಎಂದರು. ಆ ದಿನದ ಲೆಕ್ಕಕ್ಕೆ ನನಗೆ ಸಿಕ್ಕ ಗೆಣ್ಣು ಅದೊಂದೇ.

ಇವರಿಗೂ ಎಲ್ಲೋ ಚುಚ್ಚಿರಬೇಕು. ಸಂಜೆ ನನ್ನೆದುರು ಬಂದು ನಿಂತು, "ಆತು. ಇನ್ನ ಮುಂದ ಆ ಕಾರಿನ ವಿಷಯದಾಗ ನಾ ಬಾಯಿ ಬಿಡಂಗಿಲ್ಲ. ಏನು ಹೇಳೂದಿದ್ರೂ ನೀನ ಹೇಳು. ಕೊಟ್ರಯ್ಯನಾಣಿ," ಎಂದರು. ದೇವರ ಮೇಲೆ ಆಣೆ ಇಟ್ಟರೆ ತಪ್ಪುವವರಲ್ಲ. ಆ ಗುಣ ಇದೆ, ಇಲ್ಲವೆನ್ನಬಾರದು.

ಶನಿವಾರ ಬಂಪರನ್ನು ಮತ್ತೆ ಕೂಡಿಸಲು ವೆಲ್ಡಿಂಗ್ ಬಸಣ್ಣ ಕೈಗಾಡಿಯಲ್ಲಿ ತನ್ನ ಸಾಮಾನೆಲ್ಲ ಹೇರಿಕೊಂಡು ಬಂದ. ಸೊಟ್ಟ ತುದಿಯನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದ. ಕಾರಿನ ಮೂತಿಯಿಂದ ಎರಡು ಕಬ್ಬಿಣದ ತೋಳು ಮುಂದಕ್ಕೆ ಚಾಚಿರುತ್ತವೆ, ಬಂಪರ್ ಕೂರುವುದು ಅವುಗಳ ಮೇಲೆ. "ಎಲ್ಲಿಗೆ ಕೂಡಿಸಲ್ರಿ ಮಾಸ್ತರ್ರ?" ಎಂದು ಕೇಳಿದ. ಇವರು ತುಟಿ ಹೊಲಿದುಕೊಂಡು ನನ್ನ ಕಡೆ ಕೈ ತೋರಿಸಿದರು. ಆಹಾ, ಮದುವೆಯಾದ ಇಷ್ಟು ವರ್ಷಗಳಿಗೆ! ನಾನು ಸೀರೆ ನೆರಿಗೆ ಎತ್ತಿ ಹಿಡಿದು, ರಂಗೋಲಿ ಹಾಕುವಂತೆ ಬಗ್ಗಿ ಅಳತೆ ತೋರಿಸಿದೆ.

"ಮ್ಯಾಲೆ ಹೋಗಲಪ್ಪ. ಇನ್ನೊಂದಿಷ್ಟು. ಇನ್ನೂ."

"ಸಾಕೇನ್ರಿ ಅಕ್ಕಾರ?"

"ಇನ್ನೂ ಮ್ಯಾಲೆ. ಮೊದಲಿದ್ದ ಜಾಗಕ್ಕಿಂತ ನಾಲ್ಕು ಬೆರಳು ಮ್ಯಾಲಿರಬೇಕು. ಮತ್ತ ಇಳಿಬಾರದು ನೋಡು, ನಟ್ಟಿಗೂ ವೆಲ್ಡಿಂಗ್ ಹೊಡಿ."

ಬಸಣ್ಣ ಇವರ ಮುಖ ನೋಡಿದ. ಇವರು ಏನೋ ಹೇಳಲು ಹೋದವರು, ಬಾಯಿ ಮುಚ್ಚಿಕೊಂಡು ಆಕಾಶ ನೋಡಿದರು. ಆ ನೋಟವನ್ನು ನಾನು ಪಶ್ಚಾತ್ತಾಪ ಎಂದುಕೊಂಡೆ. ಬಸಣ್ಣ ಆ ತೋಳುಗಳಲ್ಲಿ ಹೊಸ ತೂತು ಕೊರೆದು, ನಾಲ್ಕು ಬೆರಳು ಮೇಲೆ ಕೂಡಿಸಿ, ನಟ್ಟುಗಳಿಗೆ ವೆಲ್ಡಿಂಗ್ ಹೊಡೆದು, ಬಾಗಿಲ ಪಟ್ಟಿಗಳಿಗೂ ಮೊಳೆ ಜಡಿದು ಹೋದ. ಭಾನುವಾರ ಬೆಳಿಗ್ಗೆ ನನ್ನ ಸೀರೆ ಎಲ್ಲೂ ಸಿಕ್ಕಲಿಲ್ಲ. ಹದಿನಾರು ಎಳೆಯ ರಂಗೋಲಿ ಹಾಕಿದೆ.

ಸೋಮವಾರ. ಹಿಂದಿನ ಸಂಜೆಯೇ ಕುಟ್ಟಿದ ಗೋಧಿಯನ್ನು ಎರಡು ಬಕೆಟಿನಲ್ಲಿ ನೆನೆಹಾಕಿದ್ದೆ. ನೆನೆದ ಗೋಧಿ ಮಧ್ಯಾಹ್ನದ ತನಕ ಕಾಯುವುದಿಲ್ಲ, ಹುಳಿ ಬಂದುಬಿಡುತ್ತದೆ. ಕೊಪ್ಪರಿಗೆಯನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ ನಾನು ಪಕ್ಕದಲ್ಲಿ ಕೂತೆ. ಅತ್ತೆಯವರು ಬೆಲ್ಲದ ಪೆಂಟೆ ಮಡಿಲಲ್ಲಿಟ್ಟುಕೊಂಡು ಮುಂದೆ ಕೂತರು. ನಮ್ಮ ಕಾರಿನ ಬ್ಯಾಟರಿ ಸತ್ತು ಯಾವುದೋ ಕಾಲವಾಗಿತ್ತು. ಅದನ್ನು ಚಾಲೂ ಮಾಡುವುದು ಹ್ಯಾಂಡಲಿನಿಂದ. ಬಂಪರಿನ ನಟ್ಟನಡುವೆ ಒಂದು ತೂತು, ಆ ತೂತಿಗೆ ಸರಿಯಾಗಿ ಹಿಂದೆ, ಹ್ಯಾಂಡಲಿನ ತುದಿ ಕಚ್ಚಿಕೊಳ್ಳುವ ಇಂಜಿನಿನ ಮೊಳಕೆ. ತೂತಿನಿಂದ ಹ್ಯಾಂಡಲ್ ತೂರಿಸಿ ಗಿರ್ರನೆ ತಿರುವಿದರೆ ಇಂಜಿನು ಕೆಮ್ಮಿ ಏಳುತ್ತಿತ್ತು. ಇವರು ಹ್ಯಾಂಡಲ್ ತೆಗೆದುಕೊಂಡು ಮುಂದೆ ಹೋದರು. ಬಗ್ಗಿದರು. ತೂರಿಸಿದರು. ಟಣ್ ಎಂದಿತು. ಮತ್ತೆ ತೂರಿಸಿದರು. ಮತ್ತೆ ಟಣ್.

ನಾನು ಇಳಿದು ಹೋಗಿ ನೋಡಿದೆ. ತೂತಿನಲ್ಲಿ ಇಣುಕಿದರೆ ಕಂಡದ್ದು ಜಾಲರಿ. ಇಂಜಿನಿನ ಮೊಳಕೆ ಎಂದಿನ ಜಾಗದಲ್ಲೇ ಇತ್ತು. ತೂತು ಮಾತ್ರ ನನ್ನ ಅಪ್ಪಣೆಯ ಪ್ರಕಾರ ಮೇಲಕ್ಕೆ ಹೋಗಿತ್ತು.

"ಇದು ನಿಮಗ ಶನಿವಾರನ ಗೊತ್ತಿತ್ತು," ಎಂದೆ. ಇವರು ಮಾತಾಡಲಿಲ್ಲ. ಆಣೆ ಇಟ್ಟಿದ್ದರಲ್ಲ. ಬಲಗೈ ಎತ್ತಿ, ಹೆಬ್ಬೆರಳು ಮಡಚಿ, ನಾಲ್ಕು ಬೆರಳು ತೋರಿಸಿದರು. ಅಷ್ಟೇ. ಅತ್ತೆಯವರು ಕಾರಿನೊಳಗಿಂದ, "ಏನಂತಾನವ?" ಎಂದು ಕೂಗಿದರು. "ಏನೂ ಇಲ್ಲ ಅತ್ತಿ," ಎಂದೆ.

ಓಣಿಯವರು ನಾಲ್ಕಾರು ಮಂದಿ ಸೇರಿ ಇಳಿಜಾರಿನ ತನಕ ನೂಕಿದರು. ಶಿವ ನನ್ನ ಮರ್ಯಾದೆ ಕಾಪಾಡಿದ, ಇಳಿಜಾರಿನ ಕೊನೆಯಲ್ಲಿ ಕಾರು ಕೆಮ್ಮಿ ಎದ್ದಿತು. ಅಲ್ಲಿಂದ ಚಿಗಟೇರಿಯವರೆಗೆ ಅದನ್ನು ಎಲ್ಲೂ ಆರಿಸುವಂತಿಲ್ಲ. ದಾರಿಯಲ್ಲಿ ಕುರಿಮಂದೆ ಅಡ್ಡ ಬಂದಾಗ ನಾನು ಪಂಚಾಕ್ಷರಿ ಜಪಿಸಿದೆ. ಸಾಬರ ಮನೆ ಮುಂದೆ ನಿಲ್ಲಿಸಿ, ಇವರು ಕಾಲನ್ನು ಆಕ್ಸಿಲರೇಟರಿನ ಮೇಲಿಟ್ಟು ಗುರ್ ಗುರ್ ಎನ್ನಿಸುತ್ತಾ ಕೂತರು. ಸಾಬರು ಕುಳಿ ಕಾಯಿಸಿಟ್ಟಿದ್ದರು. ಮಾತಿಗೆ ತಪ್ಪದ ಮನುಷ್ಯ. ಕೊಪ್ಪರಿಗೆ ಬೆಂಕಿಯ ಮೇಲೆ ತಿರುಗಿತು, ನವಸಾಗರದ ಬಿಳಿ ಹೊಗೆ ಎದ್ದಿತು, ಹತ್ತಿ ಒಂದು ಸುತ್ತು ಬಂತು. ನಾನು ಬಗ್ಗಿ ನೋಡಿದೆ. ಅವ್ವ ಕೊಟ್ಟ ದಿನ ಹೇಗಿತ್ತೋ ಹಾಗೆ. ಕಣ್ಣು ತುಂಬಿತು. ಸರಿಯಾಗಿ ಆ ಹೊತ್ತಿಗೆ ಇಂಜಿನು ಗುರ್ ಎಂದದ್ದು ಗುರ್ರ್ ಎಂದು, ಕೊಳ್ ಎಂದು, ಸುಮ್ಮನಾಯಿತು.

ಚಿಗಟೇರಿಯ ಆ ಬೀದಿ ಹಲಗೆಯ ಹಾಗೆ ಸಪಾಟು. ಎಷ್ಟು ನೂಕಿದರೂ ಕಾರು ಏಳಲಿಲ್ಲ. ಬಿಸಿಲೇರುತ್ತಿತ್ತು. ಬಕೆಟಿನ ಮುಚ್ಚಳ ತೆಗೆದು ಮೂಸಿದೆ, ಗೋಧಿ ಇನ್ನೂ ಹುಳಿಯಾಗಿರಲಿಲ್ಲ, ಆದರೆ ಆಗುವ ಯೋಚನೆಯಲ್ಲಿತ್ತು.

"ಆ ಬಂಪರ್ ತಗದ್ರ ಹ್ಯಾಂಡಲ್ ಹೋಗ್ತೈತೇನ್ರಿ ಮಾಸ್ತರ್ರ?" ಎಂದು ಸಾಬರು ಕೇಳಿದರು. ಇವರು ನನ್ನ ಮುಖ ನೋಡಿದರು. ನಾನು, "ತಗೀರಿ ಸಾಬ್ರೆ," ಎಂದೆ. ನಟ್ಟಿಗೆ ವೆಲ್ಡಿಂಗ್ ಹೊಡೆಸಿದವಳು ನಾನೇ ಆದ್ದರಿಂದ ಪಾನಾ ಹತ್ತಲಿಲ್ಲ. ಸಾಬರು ಉಳಿ ಇಟ್ಟು ಸುತ್ತಿಗೆಯಿಂದ ಒಂದೊಂದೇ ನಟ್ಟನ್ನು ಕಡಿದರು. ಒಂದೊಂದು ಏಟಿಗೂ ಇವರ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಟೈಫಾಯಿಡಿನ ಸೂಜಿ ಚುಚ್ಚಿದಾಗಲೂ ಇವರು ಅಷ್ಟು ನೊಂದಿರಲಿಲ್ಲ. ಬಂಪರ್ ಬಿದ್ದ ಕೂಡಲೇ ಹ್ಯಾಂಡಲ್ ಸಲೀಸಾಗಿ ಒಳಗೆ ಹೋಯಿತು. ಒಂದೇ ತಿರುವಿಗೆ ಕಾರು ಎದ್ದಿತು.

"ಅದು ಇಲ್ಲೇ ಇರ್ಲಿ, ಬರೂ ಮುಂದ ಒಯ್ಯೂಣು," ಎಂದೆ. ಆಣೆ ಇಟ್ಟದ್ದು ಬಾಯಿಗೆ, ಕೈಗಲ್ಲ, ಇವರು ಕೇಳಲಿಲ್ಲ. ಕಲಾಯಿಯಾದ ಬಂಪರನ್ನು ಬೀದಿಯಲ್ಲಿ ಬಿಟ್ಟು ಬರುವುದುಂಟೇ? ಎತ್ತಿ ತಂದು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಅಡ್ಡಲಾಗಿ ಇಟ್ಟರು. ಅದರ ಎರಡು ತುದಿಗಳು ಎರಡು ಕಿಟಕಿಗಳಿಂದ ಹೊರಗೆ ಚಾಚಿದವು. ಪಕ್ಕದಲ್ಲಿ ಕೊಪ್ಪರಿಗೆ, ಕಾಲ ಬುಡದಲ್ಲಿ ಗೋಧಿ, ತೊಡೆಯ ಮೇಲೆ ಬಂಪರ್. ಹೊಲದಲ್ಲಿ ಕಳೆ ತೆಗೆಯುತ್ತಿದ್ದವರೆಲ್ಲ ಎದ್ದು ನಿಂತು ನೋಡಿದರು. ರೆಕ್ಕೆ ಬಂದಿದ್ದರೂ ಹಾರಿಹೋಗಲಾರದ ಸ್ಥಿತಿಯಲ್ಲಿ ನಾನು ಮಠ ತಲುಪಿದೆ.

ಹುಗ್ಗಿಯ ವಿಷಯ ನಾನೇ ಹೇಳಿಕೊಳ್ಳಬಾರದು. ಗೋಧಿ ಹದವಾಗಿ ಅರಳಿತು. ಬೆಲ್ಲ, ಒಣಕೊಬ್ಬರಿ, ಗಸಗಸೆ ಬಿದ್ದ ಮೇಲೆ ಮಠದ ಬಾವಿಯ ಹತ್ತಿರ ನಿಂತಿದ್ದವರೂ ಒಳಗೆ ಬಂದರು. ಎರಡು ಪಂಕ್ತಿ ಎದ್ದವು, ಯಾರ ಹೊಟ್ಟೆಯೂ ತೊಳಸಲಿಲ್ಲ. ಎಲ್ಲ ಮುಗಿದು ನಾನು ಕೊಪ್ಪರಿಗೆ ತೊಳೆದು ಬೋರಲು ಹಾಕುತ್ತಿರುವಾಗ ದಾಸೋಹದ ಉಸ್ತುವಾರಿ ನೋಡುವ ಅಜ್ಜ ಬಂದರು. ಕೊಪ್ಪರಿಗೆಯ ಮೇಲೆ ಕೈಯಾಡಿಸಿ, "ಚಲೋ ತಾಮ್ರ. ದೊಡ್ಡ ಮನಸ ನಿಂದು ತಾಯಿ," ಎಂದರು. ನಾನು ಸೆರಗು ಸರಿಮಾಡಿಕೊಂಡು ನಾಚಿಕೆಯಿಂದ ನಕ್ಕೆ. ಅವರು ಮುಂದುವರಿಸಿದರು. "ಹರಕಿ ಅಡಿಗಿ ಆದ ಪಾತ್ರಿ ಮಠಕ್ಕ ಬಿಟ್ಟು ಹೋಗೋದು ಇಲ್ಲಿ ಮೊದಲಿಂದ ಬಂದ ಪದ್ಧತಿ. ಅದಕ್ಕ ಮಂದಿ ಇಲ್ಲಿದ್ದ ಪಾತ್ರ್ಯಾಗ ಮಾಡ್ತಾರ. ನೀ ನಿಂದ ತಂದೀ."

ನನ್ನ ಕೈಯಲ್ಲಿದ್ದ ತೆಂಗಿನ ನಾರು ಬಿತ್ತು. ಅತ್ತೆಯವರ ಕಡೆ ತಿರುಗಿದೆ. ಅವರು ಕಂಬಕ್ಕೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. "ನಾ ಹೇಳಿದ್ದೆ, ಅದನ್ಯಾಕ ಹೊತಗೊಂಡು ಹೊಂಟೀ ಅಂತ. ಯಾಕ ಅಂತ ನೀ ಕೇಳಲಿಲ್ಲ," ಎಂದರು.

ಅವ್ವನ ಕೊಪ್ಪರಿಗೆ! ಅದೇ ಬೆಳಿಗ್ಗೆ ಹುಣ್ಣಿಮೆ ಮೂಡಿಸಿಕೊಂಡು ಬಂದದ್ದು! "ಅಜ್ಜಾರ, ಅದರ ಬದಲಿ ಬ್ಯಾರೆ ಏನರ..." ಎಂದೆ.

"ಲೋಹದ್ದು ಏನಾರ ಒಂದು ಸಾಮಾನು, ಮಠಕ್ಕ ಉಪಯೋಗ ಆಗೂವಂಥದ್ದು ಕೊಟ್ರ ನಡಿತೈತಿ," ಎಂದರು ಅಜ್ಜ.

ನನ್ನ ಕಣ್ಣು ಗೋಡೆಗೆ ಒರಗಿಸಿಟ್ಟಿದ್ದ ಬಂಪರಿನ ಮೇಲೆ ಬಿತ್ತು. ನಾನು ಯೋಚನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಯೋಚನೆ ಮಾಡುವ ಮೊದಲೇ ಅದು ನನ್ನ ಎರಡೂ ಕೈಯಲ್ಲಿತ್ತು. "ಇದನ್ನ ತಂದೀವ್ರಿ ಅಜ್ಜಾರ. ನಮ್ಮ ಮನಿಯವರು ಬಾಳ ಭಕ್ತಿಲಿಂದ ಕಲಾಯಿ ಮಾಡಿಸ್ಯಾರ," ಎಂದೆ.

ಮಠದಲ್ಲಿ, ಹರಕೆಯ ದಿನ, ಸುಳ್ಳು ಹೇಳಿದೆನೇ? ಇಲ್ಲ. ಭಕ್ತಿ ಎಂಬ ಮಾತು ಖರೆ. ಇವರು ಬಾಯಿ ತೆರೆದರು. ಕೊಟ್ರಯ್ಯನ ಆಣೆ ನೆನಪಾಗಿರಬೇಕು, ಮುಚ್ಚಿದರು. ಅಜ್ಜ ಬಂಪರನ್ನು ಹೊರಳಿಸಿ ನೋಡಿ, ನಡುವಿನ ತೂತಿನಲ್ಲಿ ಬೆರಳಾಡಿಸಿ, "ಅಡಿಗಿಮನ್ಯಾಗ ಸೌಟು ತೂಗುಹಾಕಾಕ ಹೇಳಿ ಮಾಡಿಸಿದಂಗ ಐತಿ," ಎಂದು ಸಂತೋಷಪಟ್ಟು, ಅದರ ಮೇಲೆ ಮೂರು ಬೆರಳು ವಿಭೂತಿ ಎಳೆದರು. ಅಷ್ಟು ದಿನ ಕಾರು ನನ್ನ ವಿಭೂತಿ ತಿಂದದ್ದು ಸಾಲದೆಂಬಂತೆ!

ಈಗ ಪ್ರತಿ ಶ್ರಾವಣ ಮಠಕ್ಕೆ ಹೋಗುತ್ತೇವೆ. ದಾಸೋಹದ ಒಲೆಯ ಮೇಲ್ಗಡೆ ಗೋಡೆಗೆ ಆ ಬಂಪರನ್ನು ಜಡಿದಿದ್ದಾರೆ. ನಡುವಿನ ತೂತಿನಲ್ಲಿ ಹುಗ್ಗಿಯ ದೊಡ್ಡ ಸೌಟು. ಮಠದ ವಸ್ತುವಾದ ಮೇಲೆ ಕೈ ಮುಗಿಯದೆ ಬರುವಂತಿಲ್ಲ. ನಾನು ಮುಗಿಯುತ್ತೇನೆ, ಇವರು ನನಗಿಂತ ಹೆಚ್ಚು ಹೊತ್ತು ಮುಗಿಯುತ್ತಾರೆ. ಕೊಪ್ಪರಿಗೆ ಮಾತ್ರ ಅಟ್ಟದ ಮೇಲೆ ಸುರಕ್ಷಿತವಾಗಿದೆ. ಅದನ್ನು ಮನೆಯಿಂದ ಹೊರಗೆ ಕಳಿಸುವ ಧೈರ್ಯ ನನಗೆ ಮತ್ತೆ ಬಂದಿಲ್ಲ.

ಕಾರಿಗೆ ಇವರು ಬೇರೆ ಬಂಪರ್ ಹಾಕಿಸಲಿಲ್ಲ. ಕೇಳಿದರೆ ಬಾಯಿ ಬಿಡುವಂತಿಲ್ಲವಲ್ಲ. ಬಂಪರ್ ಹೋದ ಮೇಲೆ ಅದನ್ನು ಹೊತ್ತಿದ್ದ ಎರಡು ಕಬ್ಬಿಣದ ತೋಳುಗಳು ಎಮ್ಮೆಯ ಕೊಂಬಿನ ಹಾಗೆ ಬರಿದಾಗಿ ಮುಂದಕ್ಕೆ ಚಾಚಿಕೊಂಡು ನಿಂತಿವೆ. ಸಾಬರ ಉಳಿ ಕಡಿದ ಜಾಗ ಗರಗಸದ ಹಲ್ಲಿನಂತಿದೆ. ಮೊದಲು ಒಂದೇ ತುದಿ ಸೀರೆ ಹಿಡಿಯುತ್ತಿತ್ತು, ಈಗ ಎರಡು. ಬೆಳಿಗ್ಗೆ ಹಾಸಿಗೆಯ ಮೇಲೆ ಕೂತು, ಹೆಬ್ಬೆರಳು ಮಡಚಿ, ಗೆಣ್ಣು ಮುಟ್ಟಿ ಉಪಕಾರ ಎಣಿಸಿ, ಸಮಾಧಾನದಿಂದ ಅಂಗಳಕ್ಕೆ ಬಂದು ರಂಗೋಲಿಗೆ ಬಗ್ಗುತ್ತೇನೆ. ಪರ್ ಎನ್ನುತ್ತದೆ. ಬೈಯೋಣವೆಂದು ಕಿಟಕಿಯ ಕಡೆ ತಿರುಗುತ್ತೇನೆ. ಸರಳುಗಳ ನಡುವೆ ಇವರ ಬಲಗೈ ಕಾಣುತ್ತದೆ. ಹೆಬ್ಬೆರಳು ಮಡಚಿದೆ, ನಾಲ್ಕು ಬೆರಳು ನೆಟ್ಟಗಿವೆ. ನಾನು ಮತ್ತೆ ಬಗ್ಗಿ, ಒಂದಿಷ್ಟು ಆಕಡೆ ಸರಿದು ರಂಗೋಲಿ ಹಾಕುತ್ತೇನೆ.